ಮನೆಯಿಂದಲೇ ಸಿಟಿ ಕೌನ್ಸಿಲ್ ಸಭೆಗೆ: ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ತುರ್ತು ಕಾಲದ ಮಾರ್ಗದರ್ಶಿ

ಸನ್ನಿವೇಲ್‌ನ ಹಳೆಯ ಮರ್ಫಿ ಅವೆನ್ಯೂದಲ್ಲಿ ಈಗ ಕಾರು ಓಡಾಡುವುದಿಲ್ಲ. ಮೌಂಟನ್ ವ್ಯೂನ ಕ್ಯಾಸ್ಟ್ರೋ ಸ್ಟ್ರೀಟಿನ ಕೆಲವು ಬ್ಲಾಕುಗಳಲ್ಲೂ ಇಲ್ಲ. ರಸ್ತೆಯ ನಡುವೆಯೇ ಮೇಜು, ಕುರ್ಚಿ, ಮಕ್ಕಳ ಓಡಾಟ. 2020ರ ಬೇಸಿಗೆಯಲ್ಲಿ ಹೋಟೆಲಿನೊಳಗೆ ಕೂತು ಊಟ ಮಾಡುವಂತಿರಲಿಲ್ಲ. ಆಗ ತಾತ್ಕಾಲಿಕ ಎಂದು ಮುಚ್ಚಿದ ರಸ್ತೆಗಳಿವು, ಆಮೇಲೆ ಕಾಯಂ ಆದವು. ಕೆಲವರಿಗೆ ಇದು ಖುಷಿಯ ವಿಷಯ, ಆ ದಾರಿಯಲ್ಲೇ ದಿನಾ ಓಡಾಡುತ್ತಿದ್ದ ಕೆಲವರಿಗೆ ಬೇಸರ. ಖುಷಿಯೋ ಬೇಸರವೋ, ಮೊದಲ ತೀರ್ಮಾನಗಳು ನಡೆದದ್ದು ಸಿಟಿ ಕೌನ್ಸಿಲಿನ, ಅಂದರೆ ನಗರಸಭೆಯ ಜೂಮ್ ಸಭೆಗಳಲ್ಲಿ, ನಾವೆಲ್ಲ ಮನೆಯೊಳಗೆ ಇದ್ದಾಗ.

ಸಾಂಕ್ರಾಮಿಕ ಬಂದಾಗ ಊರಿನ ಆಡಳಿತ ನಿಲ್ಲುವುದಿಲ್ಲ, ಇನ್ನೂ ಜೋರಾಗಿ ನಡೆಯುತ್ತದೆ. ಬಾಡಿಗೆ ಕೊಡಲಾಗದವರನ್ನು ಮನೆಯಿಂದ ಹೊರಹಾಕಬಹುದೇ, ಲೈಬ್ರರಿ ಎಷ್ಟು ಹೊತ್ತು ತೆರೆದಿರಬೇಕು, ಸೀನಿಯರ್ ಸೆಂಟರಿನ ಊಟ ಮುಂದುವರಿಯಬೇಕೇ, ಕೇಂದ್ರದಿಂದ ಬಂದ ಪರಿಹಾರದ ಹಣ ಯಾವುದಕ್ಕೆ ಹೋಗಬೇಕು ಎಂಬುದೆಲ್ಲ ಕೆಲವೇ ವಾರಗಳಲ್ಲಿ ತೀರ್ಮಾನವಾಗುತ್ತದೆ. ಅದೇ ಹೊತ್ತಿಗೆ ಜನ ಸಭೆಗೆ ಬರುವುದು ನಿಂತುಹೋಗುತ್ತದೆ. ಹಾಗಾಗಿ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಸಭೆ ಸೇರುವ ಕ್ರಮವನ್ನು ತುರ್ತು ಬರುವ ಮೊದಲೇ ಕಲಿತಿರಬೇಕು.

ನಾನು ಬರೆಯುತ್ತಿರುವುದು ಕ್ಯಾಲಿಫೋರ್ನಿಯಾದ ಕಾನೂನಿನ ಲೆಕ್ಕದಲ್ಲಿ. ಟೆಕ್ಸಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವವರಿಗೆ ಫೋನ್ ಹಿಡಿಯುವ, ಪತ್ರ ಬರೆಯುವ ಭಾಗ ಉಪಯೋಗಕ್ಕೆ ಬರುತ್ತದೆ. ಕಾನೂನಿನ ಭಾಗಕ್ಕೆ ನಿಮ್ಮ ರಾಜ್ಯದ ನಿಯಮವನ್ನೇ ನೋಡಿ.

ಮೊದಲ ಪ್ರಶ್ನೆ: ನಾನು ಮಾತಾಡಬಹುದೇ?

ಮಾತಾಡಬಹುದು. ಎಚ್-1ಬಿ ವೀಸಾದಲ್ಲಿದ್ದರೂ, ಗ್ರೀನ್ ಕಾರ್ಡಿಗೆ ಕಾಯುತ್ತಿದ್ದರೂ, ಊರಿನಿಂದ ಆರು ತಿಂಗಳಿಗೆ ಬಂದಿರುವ ಅಪ್ಪ ಅಮ್ಮನಾದರೂ ಮಾತಾಡಬಹುದು. ವೋಟು ಹಾಕಲು ಪೌರತ್ವ ಬೇಕು, ಸಭೆಯಲ್ಲಿ ಮಾತಾಡಲು ಬೇಡ. ಇಲ್ಲಿನ ಸ್ಥಳೀಯ ಸಭೆಗಳನ್ನು ಆಳುವುದು 1953ರ ರಾಲ್ಫ್ ಎಂ. ಬ್ರೌನ್ ಆ್ಯಕ್ಟ್. ಅದು ಹಕ್ಕು ಕೊಟ್ಟಿರುವುದು 'ಸಾರ್ವಜನಿಕರಿಗೆ'. ಪೌರರಿಗೆ ಮಾತ್ರ ಎಂದಾಗಲೀ, ಆ ಊರಿನ ನಿವಾಸಿಗಳಿಗೆ ಮಾತ್ರ ಎಂದಾಗಲೀ ಅದರಲ್ಲಿಲ್ಲ. ಜನ ತಮ್ಮ ಸೇವೆಗಿರುವ ಸಂಸ್ಥೆಗಳಿಗೆ ತಮ್ಮ ಸಾರ್ವಭೌಮತ್ವವನ್ನು ಬಿಟ್ಟುಕೊಟ್ಟಿಲ್ಲ ಎಂಬ ಮಾತು ಆ ಕಾನೂನಿನ ಪೀಠಿಕೆಯಲ್ಲೇ ಇದೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹತ್ತು ಹದಿನೈದು ವರ್ಷ ಇಲ್ಲೇ ತೆರಿಗೆ ಕಟ್ಟಿ, ಮಕ್ಕಳನ್ನು ಇಲ್ಲಿನ ಶಾಲೆಗೇ ಕಳಿಸುತ್ತಿದ್ದರೂ 'ನಮಗೆ ವೋಟಿಲ್ಲ, ನಮ್ಮ ಮಾತು ಯಾರು ಕೇಳುತ್ತಾರೆ' ಎಂದು ಸುಮ್ಮನಿರುವವರು ನಮ್ಮಲ್ಲಿ ಬಹಳ. ವೋಟು ಬರುವ ತನಕ ನಮ್ಮ ಕೈಯಲ್ಲಿರುವ ದೊಡ್ಡ ಸಾಧನ ಸಭೆಯಲ್ಲಿ ಮಾತಾಡಲು ಸಿಗುವ ಈ ಎರಡು ಮೂರು ನಿಮಿಷ.

ಸಭೆಗೆ ಹಾಜರಾಗಲು ಹೆಸರು ನೋಂದಾಯಿಸಿ ಎಂದು ಷರತ್ತು ಹಾಕುವಂತಿಲ್ಲ. ಜೂಮ್‌ನಂಥ ಹೊರಗಿನ ಕಂಪನಿಯ ಆ್ಯಪ್ ತಾನಾಗಿಯೇ ಹೆಸರು, ಇಮೇಲ್ ಕೇಳಿದರೆ ಅದನ್ನು ಮಾತ್ರ ತುಂಬಬೇಕಾಗಬಹುದು. ವೀಸಾ ಯಾವುದು, ಮನೆ ಎಲ್ಲಿ ಎಂದು ಹೇಳಿದರೆ ಮಾತ್ರ ಹಾಜರಾಗಬಹುದು ಎನ್ನುವಂತಿಲ್ಲ. ನೀವಾಗಿಯೂ ಹೇಳಬೇಕಿಲ್ಲ.

ಪರದೆಯ ಮೇಲಿನ ಸಭೆ ಬಂದ ದಾರಿ

ಇದು ಗೊತ್ತಿದ್ದರೆ ನಿಮ್ಮ ಹಕ್ಕು ಯಾವಾಗ ಗಟ್ಟಿ, ಯಾವಾಗ ಸಡಿಲ ಎಂದು ತಿಳಿಯುತ್ತದೆ. 2020ಕ್ಕೆ ಮುಂಚೆಯೂ ಕೌನ್ಸಿಲ್ ಸದಸ್ಯರು ಫೋನಿನಲ್ಲಿ ಸಭೆ ಸೇರಬಹುದಿತ್ತು. ಆದರೆ ಅವರು ಎಲ್ಲಿಂದ ಮಾತಾಡುತ್ತಾರೋ ಆ ವಿಳಾಸ ಅಜೆಂಡಾದಲ್ಲಿ, ಅಂದರೆ ಸಭೆಯ ವಿಷಯಪಟ್ಟಿಯಲ್ಲಿ ಇರಬೇಕು, ಅಲ್ಲಿಯೂ ಅಜೆಂಡಾ ಅಂಟಿಸಬೇಕು, ಸಾರ್ವಜನಿಕರು ಬಂದರೆ ಒಳಗೆ ಬಿಡಬೇಕು. ಮನೆಯಿಂದ ಹೊರಬರಬೇಡಿ ಎನ್ನುವ ಕಾಲದಲ್ಲಿ ಇದು ಆಗದ ಮಾತು. 2020ರ ಮಾರ್ಚ್ 16ರಂದು ಸಾಂಟಾ ಕ್ಲಾರಾ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಆರೋಗ್ಯಾಧಿಕಾರಿ ಡಾ. ಸಾರಾ ಕೋಡಿ ಮತ್ತು ಬೇ ಏರಿಯಾದ ಇತರ ಆರೋಗ್ಯಾಧಿಕಾರಿಗಳು ಮನೆಯಲ್ಲೇ ಇರುವಂತೆ ಆದೇಶಿಸಿದರು. ಮರುದಿನವೇ ಗವರ್ನರ್ ಗ್ಯಾವಿನ್ ನ್ಯೂಸಮ್ ಎನ್-29-20 ಎಂಬ ಆದೇಶಕ್ಕೆ ಸಹಿ ಹಾಕಿ ಆ ಹಳೆಯ ಷರತ್ತುಗಳನ್ನು ಅಮಾನತಿನಲ್ಲಿಟ್ಟರು.

ಅದಕ್ಕೆ ಕಾನೂನಿನ ಬುನಾದಿ ಬಂದದ್ದು 2021ರ ಸೆಪ್ಟೆಂಬರಿನಲ್ಲಿ, ಎಬಿ 361ರಿಂದ (ಎಬಿ ಎಂದರೆ ರಾಜ್ಯದ ಅಸೆಂಬ್ಲಿಯ ಮಸೂದೆ, ಎಸ್‌ಬಿ ಎಂದರೆ ಸೆನೆಟಿನದು). ರಾಜ್ಯದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿದ್ದು, ಜನ ಒಂದೆಡೆ ಸೇರಿದರೆ ಆರೋಗ್ಯಕ್ಕೆ ಅಪಾಯವಿದೆ ಎಂದು ಕೌನ್ಸಿಲ್ ತೀರ್ಮಾನಿಸಿದರೆ ಇಡೀ ಸಭೆಯನ್ನೇ ದೂರದಿಂದ ನಡೆಸಬಹುದು. ಆದರೆ ಅಪಾಯ ಇನ್ನೂ ಇದೆಯೇ ಎಂದು 30 ದಿನಕ್ಕೊಮ್ಮೆ ನೋಡಿ ಮತ್ತೆ ವೋಟು ಹಾಕಬೇಕಿತ್ತು. ಕೋವಿಡ್‌ನ ತುರ್ತು ಪರಿಸ್ಥಿತಿ 2023ರ ಫೆಬ್ರುವರಿ 28ಕ್ಕೆ ಮುಗಿಯಿತು. ಅದೇ ವರ್ಷದ ಎಬಿ 557 ಈ ವ್ಯವಸ್ಥೆಯ ಕೊನೆಯ ದಿನಾಂಕವನ್ನು ತೆಗೆದುಹಾಕಿ 30 ದಿನವನ್ನು 45 ಮಾಡಿತು. ಅಂದರೆ ಮುಂದೆ ಇಂಥದ್ದೇ ಕಾಯಿಲೆ ಬಂದರೆ ಹೊಸ ಕಾನೂನಿಗೆ ಕಾಯಬೇಕಿಲ್ಲ.

2025ರಲ್ಲಿ ಸಹಿಯಾದ ಎಸ್‌ಬಿ 707 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 30,000 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳ ಕೌನ್ಸಿಲುಗಳು, ಕೌಂಟಿ ಮಂಡಳಿಗಳು ತುರ್ತು ಇರಲಿ ಇಲ್ಲದಿರಲಿ, 2026ರ ಜುಲೈ 1ರಿಂದ ಸಾರ್ವಜನಿಕರು ಫೋನ್ ಅಥವಾ ವಿಡಿಯೊ ಮೂಲಕ ಭಾಗವಹಿಸಲು ದಾರಿ ಮಾಡಿಕೊಡಬೇಕು ಎಂದು ಅದು ಹೇಳುತ್ತದೆ.

ಹೆಜ್ಜೆ 1: ಯಾರ ಸಭೆಗೆ ಹೋಗಬೇಕು?

ತಪ್ಪು ಬಾಗಿಲು ತಟ್ಟಿದರೆ ಇಡೀ ಸಂಜೆ ವ್ಯರ್ಥ. ಮಾಸ್ಕ್ ಹಾಕಿ, ಅಂಗಡಿ ಮುಚ್ಚಿ ಎನ್ನುವ ಆದೇಶಗಳು ಬರುವುದು ಕೌಂಟಿಯ ಆರೋಗ್ಯಾಧಿಕಾರಿಯಿಂದ. ಅದಕ್ಕೆ ಸಿಟಿ ಕೌನ್ಸಿಲ್ ವೋಟು ಹಾಕುವುದಿಲ್ಲ. ಲಸಿಕೆ ಕೇಂದ್ರ, ಕೌಂಟಿ ಆಸ್ಪತ್ರೆ, ಆರೋಗ್ಯ ಇಲಾಖೆಯ ಹಣ ಕೌಂಟಿಯ ಚುನಾಯಿತ ಮಂಡಳಿಯಾದ ಬೋರ್ಡ್ ಆಫ್ ಸೂಪರ್‌ವೈಸರ್ಸ್ ಕೈಯಲ್ಲಿ. ಶಾಲೆ ಯಾವಾಗ ತೆರೆಯಬೇಕು, ಹೇಗೆ ತೆರೆಯಬೇಕು ಎಂಬುದು ಶಾಲಾ ಮಂಡಳಿಯ ವಿಷಯ. ರಸ್ತೆ, ಪಾರ್ಕು, ಸೀನಿಯರ್ ಸೆಂಟರ್, ಊರೊಳಗಿನ ಕಟ್ಟಡಗಳು ಸಿಟಿಗೆ ಸೇರಿದ್ದು. ಬಾಡಿಗೆದಾರರ ರಕ್ಷಣೆಯಲ್ಲಿ ಸಿಟಿ, ಕೌಂಟಿ ಎರಡೂ ಕೈಹಾಕಬಹುದು.

ಲೈಬ್ರರಿಯ ವಿಷಯದಲ್ಲಿ ಮಾತ್ರ ಎಚ್ಚರ. ಸನ್ನಿವೇಲ್ ಲೈಬ್ರರಿಯನ್ನು ನಡೆಸುವುದು ಸಿಟಿ. ಪಕ್ಕದ ಕ್ಯುಪರ್ಟಿನೊದಲ್ಲಿ ಸಾಂಟಾ ಕ್ಲಾರಾ ಕೌಂಟಿ ಲೈಬ್ರರಿ ಡಿಸ್ಟ್ರಿಕ್ಟ್. ಲೈಬ್ರರಿಯ ಸಮಯದ ಬಗ್ಗೆ ಸನ್ನಿವೇಲ್ ಕೌನ್ಸಿಲಿನಲ್ಲಿ ಹೇಳುವ ಮಾತನ್ನು ಕ್ಯುಪರ್ಟಿನೊದವರು ಇನ್ನೊಂದು ಕಡೆ ಹೇಳಬೇಕಾಗುತ್ತದೆ. ಅನುಮಾನವಿದ್ದರೆ ಸಭೆಯ ಅಜೆಂಡಾ, ದಾಖಲೆ ನೋಡಿಕೊಳ್ಳುವ ಸಿಟಿ ಕ್ಲರ್ಕ್ ಕಚೇರಿಗೆ ಫೋನ್ ಮಾಡಿ 'ಈ ವಿಷಯ ಯಾವ ಸಭೆಗೆ ಬರುತ್ತದೆ' ಎಂದು ಕೇಳಿ. ಹೇಳುವುದು ಅವರ ಕೆಲಸ.

ಊರಿನಲ್ಲಿ ಗ್ರಾಮಸಭೆ ನೋಡಿ ಬೆಳೆದವರು ಒಂದು ವ್ಯತ್ಯಾಸ ಗಮನಿಸಿ. ಗ್ರಾಮಸಭೆಯಲ್ಲಿ ಊರಿನ ಮತದಾರರೇ ಸಭೆಯ ಸದಸ್ಯರು. ಎದ್ದು ನಿಂತು ಕೇಳಿದ ಪ್ರಶ್ನೆಗೆ ಪಿಡಿಓ ಅಲ್ಲೇ ಉತ್ತರ ಕೊಡಬೇಕೆಂದು ನಿರೀಕ್ಷಿಸುತ್ತೇವೆ. ಇಲ್ಲಿ ಸಭೆ ಕೌನ್ಸಿಲ್ ಸದಸ್ಯರದು, ಅದನ್ನು ಅವರು ಜನರೆದುರು ನಡೆಸಬೇಕು, ಅಷ್ಟೇ. ನೀವು ಮಾತಾಡಿದ ಮೇಲೆ ಮೇಯರ್ 'ಥ್ಯಾಂಕ್ ಯೂ' ಎಂದು ಮುಂದಿನವರನ್ನು ಕರೆದರೆ ಅದು ಅವಮಾನವಲ್ಲ. ಅಜೆಂಡಾದಲ್ಲಿ ಇಲ್ಲದ ವಿಷಯವನ್ನು ಅವರು ಚರ್ಚಿಸುವಂತೆಯೇ ಇಲ್ಲ. ಚುಟುಕಾಗಿ ಉತ್ತರಿಸಬಹುದು, ಇಲ್ಲವೇ ಸಿಬ್ಬಂದಿಗೆ ವಹಿಸಬಹುದು.

ಹೆಜ್ಜೆ 2: ಅಜೆಂಡಾ ಓದಿ

ಮಾಮೂಲು ಸಭೆಯ ಅಜೆಂಡಾ ಸಭೆಗೆ 72 ಗಂಟೆ ಮುಂಚೆ ಪ್ರಕಟವಾಗಬೇಕು. ವಿಶೇಷ ಸಭೆಗಾದರೆ 24 ಗಂಟೆ ಸಾಕು, ತುರ್ತು ಕಾಲದಲ್ಲಿ ಇಂಥ ಸಭೆಗಳು ಹೆಚ್ಚು. ನಮ್ಮ ಕಡೆಯ ಬಹಳಷ್ಟು ಕೌನ್ಸಿಲುಗಳು ಸೇರುವುದು ಮಂಗಳವಾರ ಸಂಜೆ, ಹಾಗಾಗಿ ಶುಕ್ರವಾರ ರಾತ್ರಿಯೋ ಶನಿವಾರ ಬೆಳಿಗ್ಗೆಯೋ ಸಿಟಿಯ ವೆಬ್‌ಸೈಟ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಅಲ್ಲೇ ಇಮೇಲ್ ಕೊಟ್ಟಿಟ್ಟರೆ ಅಜೆಂಡಾ ತಾನಾಗಿ ಬರುವ ಏರ್ಪಾಟು ಬಹಳ ಊರುಗಳಲ್ಲಿದೆ.

ಅಜೆಂಡಾದ ಮೊದಲ ಪುಟವನ್ನು ಎಲ್ಲರೂ ದಾಟಿಹೋಗುತ್ತಾರೆ. ನೀವು ಅಲ್ಲೇ ನಿಲ್ಲಿ. ದೂರದಿಂದ ಸೇರುವ ಲಿಂಕ್, ಫೋನ್ ನಂಬರು, ಮೀಟಿಂಗ್ ಐಡಿ, ಮಾತಾಡಲು ಏನು ಮಾಡಬೇಕು, ಪತ್ರ ಯಾವ ವಿಳಾಸಕ್ಕೆ, ಎಷ್ಟು ಗಂಟೆಯೊಳಗೆ ಎಂಬುದೆಲ್ಲ ಅಲ್ಲಿರುತ್ತದೆ. ತುರ್ತು ನಿಯಮದಡಿ ನಡೆಯುವ ಸಭೆಯಾದರೆ ಸೇರುವ ದಾರಿಯನ್ನು ಅಜೆಂಡಾದಲ್ಲಿ ಕೊಡಲೇಬೇಕು.

ಆಮೇಲೆ ನಿಮ್ಮ ವಿಷಯ ಯಾವ ಗುಂಪಿನಲ್ಲಿದೆ ನೋಡಿ.

ಕನ್ಸೆಂಟ್ ಕ್ಯಾಲೆಂಡರ್ ಎನ್ನುವುದು ಹತ್ತಿಪ್ಪತ್ತು ವಿಷಯಗಳನ್ನು ಒಟ್ಟಿಗೆ ಕಟ್ಟಿ, ಚರ್ಚೆಯಿಲ್ಲದೆ ಒಂದೇ ವೋಟಿನಲ್ಲಿ ಮುಗಿಸುವ ಭಾಗ. ಸಭೆಯ ಆರಂಭದಲ್ಲೇ ಬರುತ್ತದೆ. ಅಡುಗೆ ಮುಗಿಸಿ ಎಂಟು ಗಂಟೆಗೆ ಸೇರೋಣ ಎಂದುಕೊಂಡರೆ ಅದು ಏಳೂಕಾಲಿಗೇ ಮುಗಿದಿರುತ್ತದೆ. ದೂರಸಭೆ ಮುಂದುವರಿಸುವ ಆ 30 ದಿನದ ನಿರ್ಣಯಗಳು, ಲಕ್ಷಗಟ್ಟಲೆ ಡಾಲರಿನ ಗುತ್ತಿಗೆಗಳು ಎಷ್ಟೋ ಕಡೆ ಸದ್ದಿಲ್ಲದೆ ಇಲ್ಲೇ ದಾಟಿವೆ. ಈ ಭಾಗದ ಒಂದು ವಿಷಯವನ್ನು ಪ್ರತ್ಯೇಕವಾಗಿ ಚರ್ಚಿಸಿ ಎಂದು ಕೇಳಬೇಕಿದ್ದರೆ ಮುಂಚಿನ ದಿನವೇ ಕೌನ್ಸಿಲ್ ಸದಸ್ಯರೊಬ್ಬರಿಗೆ ಬರೆಯಿರಿ. ಅವರು ಕೇಳಿದರೆ ಅದನ್ನು ಹೊರಗೆ ತೆಗೆಯುತ್ತಾರೆ.

ಪಬ್ಲಿಕ್ ಹಿಯರಿಂಗ್ ಎಂದಿದ್ದರೆ ಇನ್ನೂ ಜಾಗ್ರತೆ. ಪಕ್ಕದ ಜಾಗದಲ್ಲಿ ಬರುವ ಕಟ್ಟಡ, ಜೋನಿಂಗ್ (ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂಬ ನಿಯಮ) ಬದಲಾವಣೆಯಂಥವು ಇಲ್ಲಿ ಬರುತ್ತವೆ. ಮುಂದೆ ಯಾರಾದರೂ ಕೋರ್ಟಿಗೆ ಹೋದರೆ, ಈ ವಿಚಾರಣೆಯ ಕೊನೆಯೊಳಗೆ ಯಾರಾದರೊಬ್ಬರು ಮಾತಿನಲ್ಲೋ ಪತ್ರದಲ್ಲೋ ಎತ್ತಿದ್ದ ಆಕ್ಷೇಪಗಳನ್ನಷ್ಟೇ ಅಲ್ಲಿ ವಾದಿಸಲು ಬಿಡಬಹುದು. ಹೇಳಬೇಕಾದ್ದನ್ನೆಲ್ಲ ಇಲ್ಲೇ ದಾಖಲಿಸಿ.

ಅಜೆಂಡಾದಲ್ಲಿ ಇಲ್ಲದ ವಿಷಯ ಹೇಳಲು ಒಂದು ಪ್ರತ್ಯೇಕ ಹೊತ್ತಿರುತ್ತದೆ. ಕೆಲವೆಡೆ ಓರಲ್ ಕಮ್ಯುನಿಕೇಶನ್ಸ್ ಎನ್ನುತ್ತಾರೆ, ಕೆಲವೆಡೆ ಓಪನ್ ಫೋರಮ್.

ಪ್ರತಿ ವಿಷಯದ ಕೆಳಗೂ ಸ್ಟಾಫ್ ರಿಪೋರ್ಟ್ ಎಂಬ ವರದಿ ಅಂಟಿಕೊಂಡಿರುತ್ತದೆ. ಪೂರ್ತಿ ಓದಲು ಆಗದಿದ್ದರೆ ಶಿಫಾರಸು, ಖರ್ಚು, ಪರ್ಯಾಯಗಳು ಎಂಬ ಮೂರು ಭಾಗವಾದರೂ ಓದಿ. ಪರ್ಯಾಯಗಳ ಪಟ್ಟಿಯಲ್ಲಿ ನಿಮಗೆ ಬೇಕಾದದ್ದು ಇದ್ದರೆ ಅದೇ ನಂಬರು ಹಿಡಿದು 'ಇದನ್ನು ಒಪ್ಪಿ' ಎನ್ನಿ. ಸದಸ್ಯರಿಗೆ ಅದನ್ನು ಎತ್ತಿಕೊಳ್ಳುವುದು ಸುಲಭ.

ಹೆಜ್ಜೆ 3: ಪತ್ರ

ಪತ್ರ ಮತ್ತು ಮಾತು ಎರಡೂ ಬೇಕು ಎನ್ನುವುದು ನನ್ನ ನಂಬಿಕೆ. ಪತ್ರವನ್ನು ಸದಸ್ಯರು ಸಭೆಗೆ ಮುಂಚೆ, ಮನಸ್ಸು ಇನ್ನೂ ಗಟ್ಟಿಯಾಗದ ಹೊತ್ತಿನಲ್ಲಿ ಓದುತ್ತಾರೆ. ಮಾತನ್ನು ಎಲ್ಲರೆದುರು ಕೇಳುತ್ತಾರೆ. ಎರಡೂ ದಾಖಲೆಗೆ ಸೇರುತ್ತವೆ, ಕೆಲಸ ಬೇರೆ ಬೇರೆ.

ಇಮೇಲಿನ ಸಬ್ಜೆಕ್ಟ್‌ನಲ್ಲಿ ಸಭೆಯ ದಿನಾಂಕ, ಐಟಂ ನಂಬರು ಹಾಕಿ. ಸಿಟಿ ಕ್ಲರ್ಕಿಗೂ ಕೌನ್ಸಿಲಿನ ಸಾಮಾನ್ಯ ವಿಳಾಸಕ್ಕೂ ಕಳಿಸಿ. ಮೊದಲ ಸಾಲಿನಲ್ಲೇ ಏನು ಬೇಕು ಎಂದು ಹೇಳಿ, ಕಾರಣ ಆಮೇಲೆ. ಒಂದು ಪುಟ ದಾಟಬೇಡಿ. ಪತ್ರವನ್ನು ಸಭೆಯಲ್ಲಿ ಓದಿಹೇಳುತ್ತಾರೆ ಎಂದು ಎಣಿಸಬೇಡಿ, ಕಾನೂನು ಹಾಗೆ ಹೇಳುವುದಿಲ್ಲ.

ನೀವು ಬರೆದದ್ದು ಸಾರ್ವಜನಿಕ ದಾಖಲೆ, ವೆಬ್‌ಸೈಟಿನಲ್ಲಿ ಹಾಗೇ ಏರಬಹುದು. ಮನೆಯ ವಿಳಾಸ, ಫೋನ್ ನಂಬರು, ಮಕ್ಕಳ ಹೆಸರು, ಮನೆಯವರ ಕಾಯಿಲೆಯ ವಿವರ ಅದರಲ್ಲಿ ಬೇಡ. ಸಾಂಕ್ರಾಮಿಕದ ಹೊತ್ತಿನಲ್ಲಿ 'ನಮ್ಮ ಮನೆಯಲ್ಲಿ ಇಂಥವರಿಗೆ ಇಂಥ ರೋಗ' ಎಂದು ಬರೆದುಬಿಡುವುದು ಸಹಜ. 'ಮನೆಯಲ್ಲಿ ವಯಸ್ಸಾದವರಿದ್ದಾರೆ' ಎಂದರೆ ಸಾಕು.

ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಪತ್ರ ಹರಿಯಬಿಟ್ಟು ಎಲ್ಲರೂ ಅದನ್ನೇ ನಕಲು ಮಾಡಿ ಕಳಿಸುವ ರೂಢಿಯಿದೆ. ಐವತ್ತು ನಕಲಿಗಿಂತ ತಮ್ಮದೇ ಮಾತಿನಲ್ಲಿ ಬರೆದ ಐದು ಪತ್ರಗಳಿಗೆ ತೂಕ ಹೆಚ್ಚು. ಪತ್ರದ ಬದಲು ಐಟಂ ನಂಬರು, ಗಡುವು, ವಿಳಾಸ ಹಂಚಿ, ಬರೆಯುವುದನ್ನು ಅವರವರಿಗೇ ಬಿಡಿ.

ಹೆಜ್ಜೆ 4: ಎರಡು ನಿಮಿಷದ ಮಾತು

ಪ್ರತಿಯೊಬ್ಬರಿಗೂ ಸಾಮಾನ್ಯವಾಗಿ ಮೂರು ನಿಮಿಷ ಕೊಡುತ್ತಾರೆ. ಜನ ಹೆಚ್ಚಿದ್ದರೆ ಎರಡು, ಕೆಲವೊಮ್ಮೆ ಒಂದೇ. ಮೇಯರ್ ಅದನ್ನು ಅಲ್ಲೇ ತೀರ್ಮಾನಿಸುತ್ತಾರೆ. ಹಾಗಾಗಿ ಒಂದು ನಿಮಿಷದ ಮಾತೊಂದು, ಎರಡು ನಿಮಿಷದ್ದೊಂದು ಎರಡೂ ಸಿದ್ಧವಿರಲಿ. ಇಂಗ್ಲಿಷಿನಲ್ಲಿ ಸಮಾಧಾನವಾಗಿ ಓದಿದರೆ ಎರಡು ನಿಮಿಷಕ್ಕೆ ಸುಮಾರು 250 ಪದ ಹಿಡಿಯುತ್ತದೆ. ಗಟ್ಟಿಯಾಗಿ ಓದಿ ಗಡಿಯಾರ ನೋಡಿಕೊಳ್ಳಿ. ಮನಸ್ಸಿನಲ್ಲಿ ಓದಿದ ಅಳತೆ ನಂಬಬೇಡಿ.

ಮಾತಿನ ಕ್ರಮ ಹೀಗಿರಲಿ: ಯಾವ ಐಟಂ, ಏನು ಮಾಡಬೇಕು, ಯಾಕೆ, ನೀವು ಕಣ್ಣಾರೆ ಕಂಡ ಒಂದು ಸಂಗತಿ, ಮತ್ತೆ ಅದೇ ಬೇಡಿಕೆ. ಮಾದರಿಗೆ ಒಂದು ಒಂದು ನಿಮಿಷದ ಮಾತು:

"ಮೇಯರ್ ಅವರೇ, ಕೌನ್ಸಿಲ್ ಸದಸ್ಯರೇ, ನಮಸ್ಕಾರ. ನಾನು ಐಟಂ 5ರ ಬಗ್ಗೆ ಹೇಳುತ್ತಿದ್ದೇನೆ. ಸೀನಿಯರ್ ಸೆಂಟರಿನ ಊಟದ ಪೊಟ್ಟಣವನ್ನು ಜೂನ್‌ಗೆ ನಿಲ್ಲಿಸಬೇಡಿ, ವರದಿಯ ಎರಡನೇ ಪರ್ಯಾಯದಂತೆ ಡಿಸೆಂಬರ್‌ವರೆಗೆ ನಡೆಸಿ. ನನ್ನ ತಾಯಿಯ ವಯಸ್ಸಿನ ಎಷ್ಟೋ ಜನ ಕಾರು ಓಡಿಸುವುದಿಲ್ಲ, ಈಗ ಬಸ್ಸು ಹತ್ತಲು ಹೆದರುತ್ತಾರೆ. ಪೊಟ್ಟಣದಲ್ಲಿ ಸಸ್ಯಾಹಾರ ಮೊದಲೇ ಮುಗಿದುಹೋಗಿ ಅವರು ಬರಿಗೈಯಲ್ಲಿ ವಾಪಸ್ ಬಂದದ್ದನ್ನು ನಾನು ನೋಡಿದ್ದೇನೆ. ಊಟವನ್ನು ಡಿಸೆಂಬರ್‌ವರೆಗೆ ಮುಂದುವರಿಸಿ, ಸಸ್ಯಾಹಾರದ ಲೆಕ್ಕವನ್ನು ಮುಂಚೆಯೇ ಕೇಳಿ ಬರೆದುಕೊಳ್ಳಿ. ಧನ್ಯವಾದ."

ಇದರಲ್ಲಿ ಬೇಡಿಕೆ ಎರಡು ಸಲ ಬಂದಿದೆ, ಅಧಿಕಾರಿ ಮಾಡಬಹುದಾದ ಒಂದು ಸಣ್ಣ ಕೆಲಸವೂ ಇದೆ. ಇಡೀ ವ್ಯವಸ್ಥೆಯ ಮೇಲಿನ ಸಿಟ್ಟನ್ನು ಒಂದೇ ನಿಮಿಷದಲ್ಲಿ ತುರುಕಿದರೆ ಬರೆದುಕೊಳ್ಳುವವರಿಗೆ ಏನೂ ಸಿಗುವುದಿಲ್ಲ. ಆದರೆ ಟೀಕಿಸಬೇಕು ಎನಿಸಿದರೆ ಟೀಕಿಸಿ. ಆಡಳಿತದ ನೀತಿಯನ್ನು, ಕೆಲಸವನ್ನು ಸಾರ್ವಜನಿಕರು ಟೀಕಿಸುವುದನ್ನು ತಡೆಯುವಂತಿಲ್ಲ ಎಂದು ಬ್ರೌನ್ ಆ್ಯಕ್ಟ್ ಸ್ಪಷ್ಟವಾಗಿ ಹೇಳುತ್ತದೆ.

ಕನ್ನಡದಲ್ಲೇ ಮಾತಾಡಬೇಕೆಂದರೆ

ಇದು ನಮ್ಮವರಿಗೆ ಹೆಚ್ಚು ಗೊತ್ತಿಲ್ಲದ ಹಕ್ಕು. ಅನುವಾದಕರ ನೆರವಿನಿಂದ ಮಾತಾಡುವವರಿಗೆ ಉಳಿದವರಿಗಿಂತ ಕನಿಷ್ಠ ಎರಡರಷ್ಟು ಸಮಯ ಕೊಡಬೇಕು ಎಂಬುದು 2016ರಲ್ಲಿ ಕಾನೂನಿಗೆ ಸೇರಿತು. ಎಲ್ಲರಿಗೂ ಎರಡು ನಿಮಿಷವಾದರೆ ನಿಮ್ಮ ತಾಯಿಗೆ ನಾಲ್ಕು. ಮಾತಾಡುತ್ತಿದ್ದಂತೆಯೇ ಕಿವಿಗೆ ಅನುವಾದ ಕೇಳಿಸುವ ಸಾಧನ ಸಭೆಯಲ್ಲಿದ್ದರೆ ಮಾತ್ರ ಇದಕ್ಕೆ ವಿನಾಯಿತಿ.

ಅನುವಾದಕರು ಮಗಳಾಗಬಹುದು, ಪಕ್ಕದ ಮನೆಯವರಾಗಬಹುದು. ಫೋನನ್ನು ಸ್ಪೀಕರಿಗೆ ಹಾಕಿ ಇಬ್ಬರೂ ಅಕ್ಕಪಕ್ಕ ಕೂತುಕೊಳ್ಳಿ. ಸರದಿ ಬಂದ ಕೂಡಲೇ ಅನುವಾದಕರು ಮೊದಲು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಲಿ: ಇವರು ಕನ್ನಡದಲ್ಲಿ ಮಾತಾಡುತ್ತಾರೆ, ನಾನು ಅನುವಾದಿಸುತ್ತೇನೆ, ದಯವಿಟ್ಟು ಟೈಮರನ್ನು ಎರಡರಷ್ಟಕ್ಕೆ ಇಡಿ. ಮುಂಚೆಯೇ ಕ್ಲರ್ಕಿಗೆ ಇಮೇಲ್ ಮಾಡಿದ್ದರೆ ಗೊಂದಲವಿರುವುದಿಲ್ಲ. ಎರಡು ವಾಕ್ಯ ಹೇಳಿ ನಿಲ್ಲಿ, ಅನುವಾದವಾಗಲಿ, ಮತ್ತೆರಡು ವಾಕ್ಯ. ಪೂರ್ತಿ ಹೇಳಿ ಮುಗಿಸಿದ ಮೇಲೆ ಅನುವಾದಕ್ಕೆ ಬಿಟ್ಟರೆ ಅರ್ಧ ಮಾತು ಕಳೆದುಹೋಗುತ್ತದೆ.

ಅಮ್ಮನ ಬದಲು ಮಗಳೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟರೆ ಬೇಗ ಮುಗಿಯುತ್ತದೆ, ನಿಜ. ಆದರೂ ಸೀನಿಯರ್ ಸೆಂಟರಿಗೆ ಹೋಗುವವರು ಅಮ್ಮ. ಅವರ ದನಿಯಲ್ಲೇ ಅದು ಕೇಳಿಸಲಿ.

ಹೆಜ್ಜೆ 5: ಸಭೆಗೆ ಸೇರುವುದು

ಸಭೆಗೆ ಹದಿನೈದು ನಿಮಿಷ ಮುಂಚೆ ಸಿದ್ಧರಾಗಿ. ಬಹಳಷ್ಟು ಊರುಗಳು ಬಳಸುವುದು ಜೂಮ್‌ನ ವೆಬಿನಾರ್. ಆಫೀಸಿನ ಜೂಮ್‌ನಂತೆ ನಿಮ್ಮ ಮುಖ ಇಲ್ಲಿ ಕಾಣುವುದಿಲ್ಲ, ಕ್ಯಾಮೆರಾ ಆನ್ ಮಾಡುವ ಗುಂಡಿಯೇ ಇರುವುದಿಲ್ಲ. ಕೆಟ್ಟಿದೆ ಎಂದುಕೊಂಡು ಹೊರಗೆ ಹೋಗಿ ಒಳಗೆ ಬರಬೇಡಿ. ಚಾಟ್ ಸಾಮಾನ್ಯವಾಗಿ ಮುಚ್ಚಿರುತ್ತದೆ. ತೆರೆದಿದ್ದರೂ ಅಲ್ಲಿ ಬರೆದದ್ದನ್ನು ದಾಖಲೆಯ ಮಾತು ಎಂದು ಎಣಿಸಬೇಡಿ.

ಕಂಪ್ಯೂಟರಿನಲ್ಲಾದರೆ ಲಿಂಕ್ ಒತ್ತಿ, ಹೆಸರು ತುಂಬಿ. ನಿಮ್ಮ ಐಟಂ ಬಂದು ಮೇಯರ್ ಸಾರ್ವಜನಿಕರನ್ನು ಕರೆದಾಗ 'ರೈಸ್ ಹ್ಯಾಂಡ್' ಒತ್ತಿ. ಕ್ಲರ್ಕ್ ಹೆಸರು ಕರೆದ ಮೇಲೆ ಪರದೆಯ ಮೇಲೆ ಅನ್‌ಮ್ಯೂಟ್ ಮಾಡಿ ಎಂಬ ಪೆಟ್ಟಿಗೆ ಏಳುತ್ತದೆ. ಅದನ್ನು ಒತ್ತುವ ತನಕ ನಿಮ್ಮ ದನಿ ಯಾರಿಗೂ ಕೇಳದು.

ಬರೀ ಫೋನಿನಲ್ಲಾದರೆ, ಇದು ಅಪ್ಪ ಅಮ್ಮನಿಗೆ ಒಂದು ಚೀಟಿಯಲ್ಲಿ ಬರೆದುಕೊಡುವಂಥದ್ದು:

1. ಅಜೆಂಡಾದ ನಂಬರಿಗೆ ಫೋನ್ ಮಾಡಿ.
2. ಮೀಟಿಂಗ್ ಐಡಿ ಕೇಳಿದಾಗ ಅಂಕಿಗಳನ್ನು ಒತ್ತಿ, ಕೊನೆಗೆ ಹ್ಯಾಶ್ ಒತ್ತಿ.
3. ಪಾರ್ಟಿಸಿಪೆಂಟ್ ಐಡಿ ಕೇಳಿದರೆ ಏನೂ ಹಾಕದೆ ಬರೀ ಹ್ಯಾಶ್ ಒತ್ತಿ. ಪಾಸ್‌ಕೋಡ್ ಕೇಳಿದರೆ ಅಜೆಂಡಾದಲ್ಲಿರುವುದನ್ನು ಒತ್ತಿ, ಮತ್ತೆ ಹ್ಯಾಶ್.
4. ನಮ್ಮ ಐಟಂ ಬಂದಾಗ ಸ್ಟಾರ್ 9. ಇದು ಕೈ ಎತ್ತಿದ ಹಾಗೆ.
5. ಕ್ಲರ್ಕ್ ನಿಮ್ಮ ಫೋನಿನ ಕೊನೆಯ ಅಂಕಿಗಳನ್ನು ಕರೆಯುತ್ತಾರೆ. ಆಗ ಸ್ಟಾರ್ 6 ಒತ್ತಿ ಮಾತಾಡಿ.

ನಾಲ್ಕನೆಯದರಲ್ಲಿ ಬಹಳ ಜನ ಎಡವುತ್ತಾರೆ. ಕೈ ಎತ್ತಿತೋ ಇಲ್ಲವೋ ಎಂಬ ಅನುಮಾನಕ್ಕೆ ಸ್ಟಾರ್ 9 ಅನ್ನು ಎರಡನೇ ಸಲ ಒತ್ತಿದರೆ ಎತ್ತಿದ ಕೈ ಇಳಿಯುತ್ತದೆ. ಒಂದೇ ಸಲ ಒತ್ತಿ, ಫೋನಿನ ದನಿ ಏನು ಹೇಳುತ್ತದೆ ಕೇಳಿಸಿಕೊಳ್ಳಿ.

ಸಭೆಯನ್ನು ಯೂಟ್ಯೂಬಿನಲ್ಲೋ ಟಿವಿಯಲ್ಲೋ ನೋಡುತ್ತಾ ಫೋನಿನಲ್ಲಿ ಮಾತಾಡುವವರು ಟಿವಿಯ ಸದ್ದು ಪೂರ್ತಿ ಅಡಗಿಸಿ. ಪ್ರಸಾರ ಕೆಲವು ಸೆಕೆಂಡು ಹಿಂದಿರುತ್ತದೆ. ಟಿವಿ ನಂಬಿ ಕಾದರೆ ಸರದಿ ದಾಟುತ್ತದೆ, ಸದ್ದು ಬಿಟ್ಟರೆ ನಿಮ್ಮ ಮಾತೇ ತಡವಾಗಿ ಕೇಳಿ ಗೊಂದಲವಾಗುತ್ತದೆ. ಪ್ರೆಷರ್ ಕುಕ್ಕರ್ ಇಳಿಸಿ, ಇನ್ನೊಂದು ಫೋನ್ ಸೈಲೆಂಟ್ ಮಾಡಿ, ಚಾರ್ಜರ್ ಹಾಕಿ. ಎಂಟಕ್ಕೆ ಬರಬೇಕಿದ್ದ ಐಟಂ ಹನ್ನೊಂದಕ್ಕೂ ಬರಬಹುದು.

ಸರದಿ ಸಿಗದಿದ್ದರೆ, ಲೈನ್ ಕಡಿದರೆ

ತುರ್ತು ನಿಯಮದಡಿ ನಡೆಯುವ ದೂರಸಭೆಯಲ್ಲಿ ನಿಮಗೆ ಮೂರು ಗಟ್ಟಿ ಆಧಾರಗಳಿವೆ. ಇವು ಗೊತ್ತಿದ್ದರೆ ಸಭೆಯ ನಡುವೆಯೇ ವಿನಯವಾಗಿ ನೆನಪಿಸಬಹುದು.

ಒಂದು, 'ಕಾಮೆಂಟ್‌ಗಳನ್ನು ಮುಂಚೆಯೇ ಬರೆದು ಕಳಿಸಿ, ಸಭೆಯಲ್ಲಿ ತೆಗೆದುಕೊಳ್ಳುವುದಿಲ್ಲ' ಎನ್ನುವಂತಿಲ್ಲ. ಆ ಹೊತ್ತಿನಲ್ಲೇ ನೇರವಾಗಿ ಮಾತಾಡುವ ಅವಕಾಶ ಕೊಡಬೇಕು. 2020ರ ಆರಂಭದಲ್ಲಿ ಕೆಲವು ಕಡೆ ಬರೀ ಇಮೇಲ್ ತೆಗೆದುಕೊಂಡು ಮುಗಿಸುತ್ತಿದ್ದರು. ಎಬಿ 361 ಆ ಬಾಗಿಲು ಮುಚ್ಚಿತು.

ಎರಡು, ಸಾರ್ವಜನಿಕರ ಮಾತಿಗೆ ಇಂತಿಷ್ಟು ಹೊತ್ತು ಎಂದು ನಿಗದಿಯಾಗಿದ್ದರೆ ಆ ಹೊತ್ತು ಮುಗಿಯುವ ತನಕ ಹೊಸಬರು ಕೈ ಎತ್ತುವುದನ್ನು ನಿಲ್ಲಿಸುವಂತಿಲ್ಲ. ನಿಗದಿಯಾಗಿಲ್ಲದಿದ್ದರೆ ಪ್ರತಿ ಐಟಂಗೂ ಜನ ಸೇರಿ, ಕೈ ಎತ್ತಿ, ಮಾತಾಡುವಷ್ಟು ನ್ಯಾಯವಾದ ಸಮಯ ಬಿಡಬೇಕು. 'ಯಾರಾದರೂ ಇದ್ದೀರಾ? ಇಲ್ಲ, ಮುಂದೆ' ಎಂದು ಎರಡೇ ಸೆಕೆಂಡಿನಲ್ಲಿ ದಾಟುವುದು ಸರಿಯಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸಿಟಿಯ ಕಡೆಯಿಂದ ಪ್ರಸಾರವೋ ಫೋನ್ ವ್ಯವಸ್ಥೆಯೋ ಕೆಟ್ಟು ಜನ ಮಾತಾಡಲು ಆಗದಿದ್ದರೆ, ಅದು ಸರಿಯಾಗುವ ತನಕ ಕೌನ್ಸಿಲ್ ಅಜೆಂಡಾದ ಯಾವ ವಿಷಯದ ಮೇಲೂ ತೀರ್ಮಾನ ತೆಗೆದುಕೊಳ್ಳುವಂತಿಲ್ಲ. ನಿಮ್ಮ ಮನೆಯ ವೈಫೈ ಹೋದರೆ ಇದು ಅನ್ವಯಿಸುವುದಿಲ್ಲ. ಹಾಗಾದಾಗ ತಡಮಾಡದೆ ಫೋನ್ ನಂಬರಿಗೆ ಕರೆ ಮಾಡಿ ಸೇರಿ. ತೊಂದರೆ ಸಿಟಿಯದ್ದು ಎನಿಸಿದರೆ ಸಮಯ ಬರೆದಿಟ್ಟುಕೊಳ್ಳಿ, ಪರದೆಯ ಚಿತ್ರ ತೆಗೆಯಿರಿ, ಕ್ಲರ್ಕಿಗೆ ಆಗಲೇ ಇಮೇಲ್ ಮಾಡಿ. ಅದರಲ್ಲಿ ಎಷ್ಟು ಗಂಟೆಗೆ ಏನಾಯಿತು ಎಂಬುದಿಷ್ಟೇ ಇರಲಿ.

ಇಂಥ ಹೊತ್ತಿನಲ್ಲಿ ತೆಗೆದುಕೊಂಡ ತೀರ್ಮಾನವನ್ನು ಪ್ರಶ್ನಿಸಲು ಒಂದು ದಾರಿಯಿದೆ. ಏನು ತಪ್ಪಾಯಿತು, ಹೇಗೆ ಸರಿಪಡಿಸಬೇಕು ಎಂದು ಕೌನ್ಸಿಲಿಗೆ ಲಿಖಿತವಾಗಿ ಕೇಳಬೇಕು. ಗಡುವು ತೀರ್ಮಾನವಾದ ದಿನದಿಂದ 90 ದಿನ. ತೆರೆದ ಸಭೆಯಲ್ಲೇ ಆದರೂ ಅಜೆಂಡಾದ ನಿಯಮ ಮುರಿದ ತೀರ್ಮಾನವಾದರೆ 30 ದಿನ ಮಾತ್ರ. ಅವರಿಗೆ ಸರಿಪಡಿಸಲು 30 ದಿನವಿರುತ್ತದೆ, ಆಮೇಲೆ ಕೋರ್ಟಿಗೆ ಹೋಗಲು ನಿಮಗೆ ಉಳಿಯುವುದು 15 ದಿನ. ಕೋರ್ಟಿನ ಮಾತು ಬಂದರೆ ವಕೀಲರನ್ನು ಕಾಣಿ. ಎಷ್ಟೋ ಸಲ ಪತ್ರ ತಲುಪಿದ ಮೇಲೆ ಅದೇ ವಿಷಯ ಮತ್ತೆ ಅಜೆಂಡಾಕ್ಕೆ ಬಂದು ಅಲ್ಲಿಗೇ ಸರಿಯಾಗುತ್ತದೆ.

ತುರ್ತು ಮುಗಿದ ಮೇಲೆ

ಕಾಯಿಲೆ ಇಳಿದ ಮೇಲೆ ಈ ಅವಕಾಶ ತಾನಾಗಿ ಉಳಿಯುತ್ತದೆ ಎಂದು ನಂಬಿ ಕೂರಬಾರದು. 2023ರ ಶರತ್ಕಾಲದಲ್ಲಿ ಕೆಲವರು ಊರೂರಿನ ಸಭೆಗಳಿಗೆ ಜೂಮ್‌ನಲ್ಲಿ ನುಗ್ಗಿ ಯಹೂದಿಗಳನ್ನೂ ಇತರರನ್ನೂ ಹೀನಾಯವಾಗಿ ಬೈದರು. ಹಲವು ನಗರಗಳು ಫೋನಿನ ಕಾಮೆಂಟನ್ನೇ ನಿಲ್ಲಿಸಿದವು. ಸ್ಯಾನ್ ಫ್ರಾನ್ಸಿಸ್ಕೊದ ಸೂಪರ್‌ವೈಸರ್ ಮಂಡಳಿಯೂ ಆ ಅಕ್ಟೋಬರಿನಲ್ಲಿ ನಿಲ್ಲಿಸಿ, ಅಂಗವೈಕಲ್ಯದ ಕಾರಣಕ್ಕೆ ಕೇಳಿಕೊಂಡವರಿಗೆ ಮಾತ್ರ ಉಳಿಸಿತು. ಕೆಲವರ ಕೊಳಕು ಬಾಯಿಗಾಗಿ ಉಳಿದವರೆಲ್ಲರ ಬಾಯಿ ಕಟ್ಟಿದ್ದು ನನಗೆ ಸರಿ ಕಂಡಿಲ್ಲ. ರಾತ್ರಿ ಪಾಳಿಯವರು, ಕೈಕೂಸಿನ ತಾಯಂದಿರು, ಗಾಲಿಕುರ್ಚಿಯಲ್ಲಿರುವವರು ಅದಕ್ಕೆ ಬೆಲೆ ತೆತ್ತರು.

ನಿಮ್ಮ ಊರಿನಲ್ಲಿ ಫೋನಿನ ದಾರಿ ಇಲ್ಲದಿದ್ದು ಮನೆಯಲ್ಲಿ ಅಂಗವೈಕಲ್ಯ ಇರುವವರು ಇದ್ದರೆ, ಅಂಗವಿಕಲರ ಹಕ್ಕಿನ ಕೇಂದ್ರ ಕಾನೂನಾದ ಎಡಿಎ ಅಡಿ ಅನುಕೂಲ ಮಾಡಿಕೊಡಿ ಎಂದು ಕೇಳಬಹುದು. ಯಾರನ್ನು, ಎಷ್ಟು ಮುಂಚೆ ಕೇಳಬೇಕು ಎಂಬುದು ಅಜೆಂಡಾದ ಆ ಮೊದಲ ಪುಟದಲ್ಲೇ ಇರುತ್ತದೆ. ಕಾಯಿಲೆಯ ಇಡೀ ಕಥೆ ಬರೆಯಬೇಕಿಲ್ಲ, ಯಾವ ಅನುಕೂಲ ಬೇಕು ಎಂಬುದು ಮುಖ್ಯ.

ಹೆಜ್ಜೆ 6: ಮಾತಾಡಿದ ಮೇಲೆ

ಮಾತು ಮುಗಿಸಿ ಫೋನ್ ಇಟ್ಟುಬಿಡಬೇಡಿ, ವೋಟಿನ ತನಕ ಇರಿ. ದೂರಸಭೆಯಲ್ಲಿ ಪ್ರತಿ ಸದಸ್ಯರ ಹೆಸರು ಕೂಗಿ ವೋಟು ಕೇಳಬೇಕು. ಯಾರು ಹೌದು ಎಂದರು, ಯಾರು ಇಲ್ಲ ಎಂದರು ಬರೆದಿಟ್ಟುಕೊಳ್ಳಿ. ಮುಂದಿನ ಪತ್ರ ಯಾರಿಗೆ ಬರೆಯಬೇಕು ಎಂದು ಆ ಚೀಟಿಯೇ ಹೇಳುತ್ತದೆ. ಪರವಾಗಿ ನಿಂತವರಿಗೆ ಮರುದಿನ ಎರಡು ಸಾಲಿನ ಧನ್ಯವಾದ ಕಳಿಸಿ. ವಿರುದ್ಧ ಹೋದವರಿಗೆ ಯಾಕೆ ಎಂದು ಸೌಜನ್ಯದಿಂದ ಕೇಳಿ. ಆಫೀಸ್ ಅವರ್ಸ್ ಇಟ್ಟುಕೊಂಡಿರುವ ಸದಸ್ಯರಾದರೆ ಫೋನಿನಲ್ಲೇ ಸಿಗಬಹುದು.

'ಸಿಬ್ಬಂದಿ ಇದನ್ನು ನೋಡಿ ವರದಿ ಕೊಡಲಿ' ಎಂದು ಸಭೆಯಲ್ಲಿ ಹೇಳಿದ್ದರೆ ಯಾವ ತಾರೀಖಿಗೆ ಎಂದು ಕ್ಲರ್ಕಿಗೆ ಬರೆದು ಕೇಳಿ. ತಾರೀಖಿಲ್ಲದ ವರದಿ ಬರುವುದು ಅಪರೂಪ. ನಿಮ್ಮ ಮಾತು ಮಿನಿಟ್ಸ್‌ನಲ್ಲಿ, ಅಂದರೆ ಸಭೆಯ ನಡಾವಳಿಯಲ್ಲಿ ಪೂರ್ತಿ ಬರುವುದಿಲ್ಲ, ಹೆಚ್ಚೆಂದರೆ ಹೆಸರು ಬರುತ್ತದೆ. ಪೂರ್ತಿ ಮಾತು ಬೇಕಿದ್ದರೆ ಧ್ವನಿಮುದ್ರಿಕೆಯನ್ನು ಬೇಗ ಇಳಿಸಿಕೊಳ್ಳಿ. ಸಿಟಿ ಮಾಡಿದ ರೆಕಾರ್ಡಿಂಗನ್ನು ಯಾರು ಬೇಕಾದರೂ ಕೇಳಿ ನೋಡಬಹುದು, ಆದರೆ 30 ದಿನದ ನಂತರ ಅಳಿಸಿಹಾಕಲು ಬ್ರೌನ್ ಆ್ಯಕ್ಟ್ ಅವರಿಗೆ ಅವಕಾಶ ಕೊಟ್ಟಿದೆ.